ಬಾಗಿಲು ತೆಗೆದ ಐದು ದಿನ

ಜೆಬೆಲ್ ಅಲಿ, ದುಬೈ
೯ ಮೇ ೨೦೨೦

ಪ್ರೀತಿಯ ಅಣ್ಣಾ,

ನಿಮ್ಮ ಸೊಂಟನೋವು ಹೇಗುಂಟು? ಎಣ್ಣೆ ಹಚ್ಚಿಸಿಕೊಳ್ಳುತ್ತೀರಾ, ಇಲ್ಲ ಅತ್ತಿಗೆಯನ್ನು ಬೈದು ಕಳಿಸುತ್ತೀರಾ? ಹದಿನೈದು ದಿನದ ರಜೆಯೆಂದು ಊರಿಗೆ ಹೋದವರು ವಿಮಾನ ನಿಂತು ಅಲ್ಲೇ ಉಳಿದಿರಿ. ಸಿಕ್ಕಿದ ವಿಶ್ರಾಂತಿ ಬಿಡಬೇಡಿ. ಈ ಕಾಗದದ ಫೋಟೋ ವಾಟ್ಸ್ಯಾಪಿನಲ್ಲಿ ಕಳಿಸುತ್ತೇನೆ. ಫೋನಿನಲ್ಲಾದರೆ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ನಮ್ಮ ಸಲೂನಿನ ಏಸಿ ಕೆಟ್ಟಿದೆ, ಅದಕ್ಕೇ ಮತ್ತೆ ಬಾಗಿಲು ಹಾಕಿದ್ದೇನೆ ಎಂದು ಹೇಳಿದ್ದು ಸುಳ್ಳು. ಕ್ಷಮಿಸಿ. ಅಂಗಡಿ ತೆಗೆಯಲು ಅನುಮತಿ ಬಂದ ದಿನ ನೀವು “ನಾಳೆಯೇ ತೆಗಿ, ಹೆದರಿ ಕೂತ್ರೆ ಗಿರಾಕಿಗಳು ಬೇರೆ ಕಡೆ ಹೋಗ್ತಾರೆ” ಅಂದಿರಿ. ರಂಜಾನ್ ಕಳೆಯಲಿ, ಈ ಕೊರೊನಾ ಸ್ವಲ್ಪ ಇಳಿಯಲಿ ಎಂಬುದು ನನ್ನ ವಾದ. ಕೊರಗಪ್ಪಣ್ಣ ನಿಮ್ಮ ಕಡೆ ಸೇರಿದರು. ಹತ್ತೊಂಬತ್ತು ವರ್ಷ ನಿಮ್ಮ ಜೊತೆ ದುಡಿದವರು, ನನಗೆ ಕತ್ತರಿ ಹಿಡಿಯಲು ಕಲಿಸಿದವರು. ಸಕ್ಕರೆ ಕಾಯಿಲೆ ಬೇರೆ. “ಒಂದು ತಿಂಗಳಾಯ್ತು ಮಾರಾಯ, ಮಂಚದ ಮೇಲೆ ಕೂತು ಕೂತು ಕೈ ಮರಗಟ್ಟಿದೆ. ಯಲ್ಲಾ, ಬೇಗ ತೆಗಿ” ಅಂದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಒಂದೇ ಕುರ್ಚಿ. ಕೂದಲು ಕತ್ತರಿಸುವುದು ನಾನು ಮಾತ್ರ. ಅವರು ಹೊರಗೆ ನಿಂತು ಬಂದವರ ಜ್ವರ ನೋಡುವುದು.

ಮೊದಲ ದಿನ ಎಂಟು ಗಂಟೆಗೇ ಕಾರ್ಮಿಕರ ಕ್ಯಾಂಪಿನ ನಲವತ್ತು ಜನ ಬಿಸಿಲಲ್ಲಿ ಸಾಲು ನಿಂತಿದ್ದರು. ಕೂದಲು ಬೆಳೆದು ಹೆಲ್ಮೆಟ್ಟೇ ಕೂರುವುದಿಲ್ಲವೆಂದು ಒಬ್ಬ ಎಲ್ಲರನ್ನೂ ನಗಿಸಿದ. ಮಧ್ಯಾಹ್ನದ ಹೊತ್ತಿಗೆ ನಾನು ಹತ್ತು ತಲೆ ಮುಗಿಸಿರಲಿಲ್ಲ. ನಮ್ಮ ಹಳೆಯ ಗಿರಾಕಿ ಮುಹಿಯುದ್ದೀನ್, ಉಪವಾಸದವನು, ತಲೆತಿರುಗಿ ನೆಲಕ್ಕೆ ಕೂತುಬಿಟ್ಟ. ಕೊರಗಪ್ಪಣ್ಣ ಅವನನ್ನು ಒಳಗೆ ಕರೆತಂದು ಎರಡನೇ ಕುರ್ಚಿಯಲ್ಲಿ ಕೂರಿಸಿದರು. “ಇವನೊಬ್ಬನದ್ದು ಮಾತ್ರ” ಎಂದು ನನ್ನ ಕಡೆ ಕೈ ಚಾಚಿದರು. ನಾನು ಕತ್ತರಿ ಕೊಟ್ಟೆ, ಅಣ್ಣಾ. ಅವನು ಎದ್ದ ಮೇಲೆ ಇನ್ನೊಬ್ಬ ಕೂತ. ಸಾಲು ಬೇಗ ಕರಗುವುದು ನೋಡಿ ನಾನೂ ಸುಮ್ಮನಾದೆ. ಐದು ದಿನವೂ ಹಾಗೇ ನಡೆಯಿತು.

ಆರನೇ ದಿನ ಅವರಿಗೆ ಚಹಾದ ರುಚಿ ಗೊತ್ತಾಗಲಿಲ್ಲ. ಆಮೇಲೆ ಜ್ವರ ಬಂತು, ಟೆಸ್ಟು ಪಾಸಿಟಿವ್ ಆಯಿತು. ಆಂಬುಲೆನ್ಸ್ ಹತ್ತುವಾಗ, “ನಿನ್ನಣ್ಣ ಶಾಮಸುಂದರನಿಗೆ ಹೇಳ್ಬೇಡ, ತೆಗ್ಸಿದ್ದು ತಾನು ಅಂತ ಸಂಕಟಪಡ್ತಾನೆ” ಅಂದರು. ಅದಕ್ಕೇ ಏಸಿಯ ಕಥೆ ಕಟ್ಟಿದೆ. ನನ್ನ ಟೆಸ್ಟು ನೆಗೆಟಿವ್; ರೂಮಿನಲ್ಲಿ ಒಬ್ಬನೇ ಇದ್ದೇನೆ.

ಪಕ್ಕದವರೆಲ್ಲ ತೆಗೆದಿದ್ದಾರೆ, ನಿನಗೊಬ್ಬನಿಗೆ ಎಂತ ಕಷ್ಟ ಎಂದು ದಿನಾ ಕೇಳುತ್ತೀರಿ. ತೆಗೆಯುತ್ತೇನೆ. ಆದರೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಬರುವವರಿಗೆ ಮಾತ್ರ. ಯಾವ ದಿನವೆಂದು ನಾನೇ ಹೇಳುತ್ತೇನೆ. ಇದೊಂದರಲ್ಲಿ ನನ್ನ ಮಾತು ನಡೆಯಲಿ. ತಪ್ಪು ನಿಮ್ಮದೆಂದು ನಾನು ಹೇಳುತ್ತಿಲ್ಲ. ಬೇಡ ಅನ್ನಬೇಕಾದ ಹೊತ್ತಿಗೆ ನಾನು ಅನ್ನಲಿಲ್ಲ.

ಅತ್ತಿಗೆಗೆ ನಮಸ್ಕಾರ, ಮಗಳು ತೃಷಾಳಿಗೆ ಚಿಕ್ಕಪ್ಪನ ಪ್ರೀತಿ.

ನಿಮ್ಮ ತಮ್ಮ
ರಂಜಿತ್

ತಾ.ಕ.: ಬರೆದು ಮುಗಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಕೊರಗಪ್ಪಣ್ಣನನ್ನು ವೆಂಟಿಲೇಟರಿಗೆ ಹಾಕಿದ್ದಾರೆ. ಮನೆಯವರ ನಂಬರು ಕೇಳಿದರು. ಕೊರಗಪ್ಪಣ್ಣ ನಿನ್ನೆಯವರೆಗೂ ಹೆಂಡತಿ ರಾಜೀವಿಯಕ್ಕನಿಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿ, ಕೆಲಸದಲ್ಲಿದ್ದೇನೆ ಎನ್ನುತ್ತಿದ್ದರು. ಅಕ್ಕನ ನಂಬರು ಕೊಡಲು ನನಗೆ ಧೈರ್ಯ ಬರಲಿಲ್ಲ, ನಿಮ್ಮದು ಕೊಟ್ಟೆ. ಗೊತ್ತಿಲ್ಲದ ನಂಬರೆಂದು ಕಟ್ ಮಾಡಬೇಡಿ. ಇದನ್ನು ಓದಿದ ಕೂಡಲೇ ಅತ್ತಿಗೆಯನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಅಕ್ಕನನ್ನು ಕೂರಿಸಿಕೊಂಡು ಹೇಳಿ. ಹೇಳಬೇಕಾದವನು ನಾನು. ನನ್ನಿಂದ ಆಗುವುದಿಲ್ಲ ಅಣ್ಣಾ.