ಮಾರಾಟದ ಮನೆಯಲ್ಲಿ ಉಕ್ಕಿದ ಹಾಲು

೨೦ ಏಪ್ರಿಲ್ ೨೦೨೦, ಸೋಮವಾರ

ರಾಗಿ ಸರಿ ಕುದಿಸಿ ಫ್ಲಾಸ್ಕಿಗೆ ಹಾಕಿದ್ದಾಯಿತು. ಡೈಪರ್ ಚೀಲ, ಕುಲಾವಿ, ನನ್ನ ಶಾಲು. ಸೀರೆ ಮೇಲೆ ಸ್ವೆಟರ್, ಕಾಲಿಗೆ ಮಗಳ ಹಳೇ ಶೂಸ್. ಕನ್ನಡಿ ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೆ ಹೊರಡುತ್ತಿರಲಿಲ್ಲ.

ಗಾಡಿಯ ಹೆಸರು ಬಕ್‌ಫೀಟ್ಸ್. ಸೈಕಲ್ಲೇ, ಆದರೆ ಮುಂದೆ ದೊಡ್ಡ ಮರದ ಪೆಟ್ಟಿಗೆ. ಇಲ್ಲಿನ ತಾಯಂದಿರು ಅದರಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುತ್ತಾರೆ. ನನ್ನ ಗಾನವಿ ಮಗಳ ಜೊತೆ ಅಮ್ಮನನ್ನೂ ತುಂಬಿಕೊಳ್ಳುತ್ತಾಳೆ. ಪೆಟ್ಟಿಗೆಯಲ್ಲಿ ನಾನು, ನನ್ನ ತೊಡೆ ಮೇಲೆ ಆರು ತಿಂಗಳ ಹಿತಾ, ಕಾಲ ಹತ್ತಿರ ಮಾರುವ ಮನೆಗಳ ಬೀಗದ ಕೈ. ಹಿಂದೆ ಗಾನವಿ ಪೆಡಲ್ ತುಳಿಯುತ್ತಾ, ಗಿರಾಕಿಗಳಿಗೆ ಹೇಳಬೇಕಾದ ಡಚ್ ಮಾತುಗಳನ್ನು ಬಾಯಿಪಾಠ ಮಾಡುತ್ತಾ...

ಡಚ್ಚರ ಈ ದೇಶಕ್ಕೆ ಫೆಬ್ರವರಿಯಲ್ಲಿ ಬಂದೆ. ಬಾಣಂತನದ ರಜ ಮುಗಿದು ಗಾನವಿ ಕೆಲಸಕ್ಕೆ ಹೋಗುವ ಹೊತ್ತಿಗೆ ಮೂರು ತಿಂಗಳು ಜೊತೆಗಿರೋಣ ಅಂತ. ಆಮೇಲೆ ಕೊರೊನಾ. ವಿಮಾನ ನಿಂತಿತು, ಕ್ರೆಶ್ ಮುಚ್ಚಿತು, ಈ ಐಂಡ್‌ಹೋವನ್ ಊರಿಗೆ ಊರೇ ಮನೆಯೊಳಗೆ ಸೇರಿಕೊಂಡಿತು. ಮನೆ ಮಾರುವವರೂ ಕೊಳ್ಳುವವರೂ ಮಾತ್ರ ನಿಂತಿಲ್ಲ. ಅವರಿಗೆ ಮನೆ ತೋರಿಸುವುದು, ವ್ಯಾಪಾರ ಕುದುರಿಸುವುದು ಗಾನವಿಯ ಕೆಲಸ. ಇತ್ತ ಹಿತಾ ಬಾಟಲಿ ಕಂಡರೆ ಬಾಯಿ ಬಿಗಿಯುತ್ತಾಳೆ. ಚಮಚದಲ್ಲಿ ನಾಲ್ಕು ತುತ್ತು ಸರಿ, ಉಳಿದಂತೆ ಅಮ್ಮನ ಹಾಲೇ ಆಗಬೇಕು. ಆದ್ದರಿಂದ ಈ ಸವಾರಿ. ಗಾನವಿ ಒಂದು ಮನೆ ತೋರಿಸಿ ಓಡಿ ಬರುತ್ತಾಳೆ, ಪಾರ್ಕಿನ ಬೆಂಚಿನಲ್ಲಿ ಶಾಲು ಹೊದ್ದು ಹಾಲು ಕೊಡುತ್ತಾಳೆ, ಮತ್ತೆ ಓಟ.

ಅರಸೀಕೆರೆಯಲ್ಲಿರುವ ತಂಗಿ ಸರಳಾಗೆ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ — ಅಕ್ಕನ್ನ ಪೆಟ್ಟಿಗೇಲಿ ಹಾಕ್ಕೊಂಡು ಓಡಾಡ್ತಾರಂತೆ ಅಂತ. ಅದಕ್ಕೇ ಇಲ್ಲಿ ಬರೆಯುವುದು.

೨೪ ಏಪ್ರಿಲ್, ಶುಕ್ರವಾರ

ಬಿಸಿಲು. ಕಿಟಕಿ ಕಿಟಕಿಯಲ್ಲೂ ಕರಡಿ ಬೊಂಬೆ. ಸ್ಕೂಲಿಲ್ಲದ ಮಕ್ಕಳು ಹುಡುಕಿಕೊಂಡು ಹೋಗಲಿ ಅಂತ ಬೀದಿಯವರೇ ಇಟ್ಟಿದ್ದಾರೆ. ಪ್ರತಿ ಕರಡಿಗೂ ಹಿತಾ ಕೈಕಾಲು ಕುಣಿಸುತ್ತಾಳೆ. ಇಳಿಜಾರಿನಲ್ಲಿ ಗಾಡಿ ಜೋರಾಗಿ ಹೋದಾಗ ನಾನೂ ಕೂಗಿಬಿಟ್ಟೆ. ಅರವತ್ತಾರು ವರ್ಷ ನನಗೆ!

"ಅಮ್ಮ, ಮೆಲ್ಲಗೆ. ಯಾರಾದ್ರೂ ಆಫೀಸಿಗೆ ಹೇಳಿದ್ರೆ ಕಷ್ಟ."

"ಹೇಳ್ಲಿ ಬಿಡೇ. ಕಳ್ಳತನ ಮಾಡ್ತಿದ್ದೀವಾ?"

ಮನೆಗೆ ಬಂದ ಮೇಲೆ ವಿಷಯ ಹೊರಬಿತ್ತು. ಈ ಕೆಲಸ ಜೂನ್ ಕೊನೆಯವರೆಗೆ ಮಾತ್ರ. ಕಾಯಂ ಮಾಡುತ್ತಾರೋ ಇಲ್ಲವೋ, ಮೇ ತಿಂಗಳೊಳಗೆ ತಿಳಿಸಬೇಕಂತೆ. ಆಫೀಸಿನ ಯಜಮಾನಿ ಇನೆಕೆ ಎಂಬ ಹೆಂಗಸು. ಬಾಣಂತಿಯ ಕೈಯಲ್ಲಿ ಅರ್ಧ ಕೆಲಸವೇ ಆಗುವುದು ಅಂತ ಅವಳಿಗೆ ಅನ್ನಿಸಿಬಿಟ್ಟರೆ ಮುಗಿಯಿತು ಎಂಬ ಭಯ ಇವಳಿಗೆ. ಮಗು ದಿನವಿಡೀ ಮನೆಯಲ್ಲಿ ಆರಾಮಾಗಿರುತ್ತದೆ ಅಂತ ಗಾನವಿ ಆಫೀಸಿನಲ್ಲಿ ಹೇಳಿದ್ದಾಳಂತೆ.

ಮದುವೆಗೆ ಮೊದಲು ಬೆಂಗಳೂರಿನಲ್ಲಿ ಸೈಟು ಮಾರುತ್ತಿದ್ದವಳು. ಇಲ್ಲಿಗೆ ಬಂದು ಭಾಷೆ ಕಲಿತು, ಪರೀಕ್ಷೆ ಬರೆದು, ಮತ್ತೆ ಮೊದಲಿನಿಂದ ಶುರು ಮಾಡಿದ್ದಾಳೆ. ಹೋಗಬಾರದು ಈ ಕೆಲಸ.

೨೭ ಏಪ್ರಿಲ್

ಇಲ್ಲಿನ ರಾಜನ ಹುಟ್ಟುಹಬ್ಬ. ರಜ. ದಿನವಿಡೀ ಆಫೀಸಿನ ಮೀಟಿಂಗಿನಲ್ಲೇ ಮುಳುಗಿರುವ ಅಳಿಯ ವಾಮನ ಹೆಡ್‌ಫೋನ್ ತೆಗೆದು ಮಹಡಿಯಿಂದ ಇಳಿದು ಬಂದ — ಅವನಿಗೂ ಕಿವಿಗಳಿವೆ! ಕಿತ್ತಳೆ ಬಣ್ಣದ ಕೇಕು ತಂದ. ಕಚ್ಚಿದರೆ ಒಳಗಿನ ಕ್ರೀಮೆಲ್ಲ ಸೀರೆಗೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

೮ ಮೇ, ಶುಕ್ರವಾರ

ಗಾನವಿಗೆ ಮೈಸೂರಿನ ಗಿರಾಕಿಗಳು. ಕಿಶನ್, ಅವನ ಹೆಂಡತಿ ಶ್ರಾವ್ಯ. ಒಳ್ಳೆಯ ಮಕ್ಕಳು. ತೊಂದರೆಯೆಲ್ಲ ಕಿಶನ್ ತಾಯಿ ಪದ್ಮಿನಮ್ಮನದು. ಮೈಸೂರಿನಲ್ಲಿ ಕೂತು ವಿಡಿಯೋದಲ್ಲಿ ಮನೆ ನೋಡುತ್ತಾರೆ, ಬೇಡ ಅನ್ನುತ್ತಾರೆ. ಇಲ್ಲಿ ಎಲ್ಲ ಮನೆಗಳಲ್ಲೂ ಮುಂಬಾಗಿಲು ತೆಗೆದ ಕೂಡಲೇ ಪಕ್ಕದಲ್ಲಿ ಕಕ್ಕಸು. ಅದೇ ಅವರ ತಕರಾರು. ಅದಿಲ್ಲದ ಮನೆ ತರುವುದೆಲ್ಲಿಂದ?

"ಅವರು ಒಂದು ಮನೆ ಒಪ್ಕೊಂಡ್ರೆ ನಾನೇ ಪೂರ್ತಿ ಮಾಡಿದ ಮೊದಲನೇ ಡೀಲ್ ಆಗುತ್ತೆ ಅಮ್ಮ. ಇನೆಕೆ ಅದನ್ನೇ ನೋಡ್ತಿದ್ದಾಳೆ."

ಮಂಗಳವಾರ ಇನ್ನೊಂದು ಮನೆ. ಯಜಮಾನರು ವಯಸ್ಸಾದವರು, ಉತ್ತರದ ಗ್ರೋನಿಂಗನ್ ಊರಿಗೆ, ಮಗನ ಹತ್ತಿರ ಹೋಗಿದ್ದಾರೆ. ಮನೆ ಖಾಲಿ. ಅವರದೊಂದು ಷರತ್ತು — ಕಾಯಿಲೆಯ ಕಾಲ, ಒಂದು ಹೊತ್ತಿಗೆ ಒಳಗೆ ಮೂರೇ ಜನ ಇರಬೇಕು.

೧೨ ಮೇ, ಮಂಗಳವಾರ

ನೆನೆದರೆ ನಗು ಬರುತ್ತಿದೆ. ಕ್ರಮವಾಗಿ ಬರೆಯುತ್ತೇನೆ.

ಮೊನ್ನೆ ಸೆಕೆ, ಇವತ್ತು ಮೂಳೆ ಕೊರೆಯುವ ಗಾಳಿ. ಈ ದೇಶದ ಹವಾ ನಂಬಬಾರದು. ಪಾರ್ಕಿನಲ್ಲಿ ಹಿತಾ ಮೂಗು ಕೆಂಪು, ಒಂದೇ ಸಮ ಅಳು. ಫ್ಲಾಸ್ಕು ತೆಗೆಯಹೋದರೆ — ಇಲ್ಲ. ಮನೆಯ ಕಟ್ಟೆ ಮೇಲೇ ಬಿಟ್ಟು ಬಂದಿದ್ದೇನೆ. ಚೀಲದಲ್ಲಿ ರಾಗಿ ಹಿಟ್ಟಿನ ಡಬ್ಬಿ, ಒಂದು ಚಿಕ್ಕ ಪ್ಯಾಕೆಟ್ ಹಾಲು, ಅಷ್ಟೇ.

ಗಾನವಿ ಪಾರ್ಕಿನ ಎದುರಿಗಿದ್ದ ಆ ಖಾಲಿ ಮನೆಗೆ ಕಿಟಕಿ ತೆಗೆಯಲು ಮೊದಲೇ ಹೋಗಿದ್ದವಳು ಅಳು ಕೇಳಿ ಓಡಿ ಬಂದಳು. "ಒಳಗೆ ಬಾಮ್ಮ, ಅವರು ಬರೋಕೆ ಇನ್ನೂ ಟೈಮಿದೆ. ಬೇಗ ಸರಿ ಮಾಡ್ಕೊಂಡು ಹೊರಟುಬಿಡು."

ಅಡುಗೆಮನೆಯಲ್ಲಿ ಹಳೇ ಗ್ಯಾಸ್ ಒಲೆ, ಯಜಮಾನರು ಬಿಟ್ಟುಹೋದ ಒಂದು ಪಾತ್ರೆ. ತೊಳೆದು ಹಾಲಿಟ್ಟೆ. ಅಷ್ಟರಲ್ಲಿ ಕರೆಗಂಟೆ. ನಮ್ಮೂರ ಕಡೆಯವರು, ಹೇಳಿದ ಹೊತ್ತಿಗಿಂತ ಮುಂಚೆ ಬಂದರು! ಎಲ್ಲಾದರೂ ಉಂಟೇ? ಹೊರಗೆ ಹೋಗಲು ಆ ಮುಂಬಾಗಿಲೊಂದೇ ದಾರಿ, ಹಿಂದಿನ ತೋಟಕ್ಕೆ ಗೇಟಿಲ್ಲ. ಹಿತಾಳನ್ನು ಎದೆಗೊತ್ತಿಕೊಂಡು ಅಡುಗೆಮನೆಯ ಮೂಲೆಗೆ ಸರಿದೆ. ಹಜಾರದಿಂದ ಫೋನಿನ ದನಿ —

"ಏ ಕಿಶನ್, ಫೋನ್ ಸರಿಯಾಗಿ ಹಿಡ್ಕೊಳೋ, ಬರೀ ನಿನ್ನ ಮೂಗು ಕಾಣ್ತಿದೆ. ಬಾಗಿಲು ತೋರ್ಸು... ಅಯ್ಯೋ ಶಿವನೇ, ಇಲ್ಲೂ ಕಕ್ಕಸು!"

"ಈ ದೇಶದಲ್ಲಿ ಎಲ್ಲಾ ಕಡೆ ಹಂಗೇ ಅಮ್ಮ."

"ದೇಶ ಹಂಗಿದ್ರೆ ನೀನೂ ಹಂಗಾಗ್ಬೇಕಾ?"

"ಅತ್ತೆ, ಅಡುಗೆಮನೆ ಆದ್ರೂ ನೋಡಿ. ಹಿಂದೆ ತೋಟ ಇದೆ," ಅಂತ ಶ್ರಾವ್ಯ. ಪಾಪ, ದನಿಯಲ್ಲೇ ಸುಸ್ತು.

ಬಾಗಿಲು ತೆರೆಯಿತು. ಗಾನವಿ ಮುಖ ಬಿಳುಚಿತು.

"ಯಾರೋ ಅದು, ಸೀರೆ ಉಟ್ಕೊಂಡಿರೋರು? ಮನೆ ಓನರ್ರಾ?"

"ನಮ್ಮಮ್ಮ, ಆಂಟಿ. ಇದು ನನ್ನ ಮಗಳು. ಹೊರಗೆ ಗಾಳಿ ಇತ್ತು, ಅದಕ್ಕೆ... ಸಾರಿ."

ಇನ್ನು ಅವಿತು ಪ್ರಯೋಜನವಿಲ್ಲ. "ನಮಸ್ಕಾರ ಕಣಮ್ಮ. ಅರಸೀಕೆರೆಯವರು ನಾವು," ಅಂದೆ.

"ಅರಸೀಕೆರೆನಾ! ನಮ್ಮ ನಾದಿನೀನ ತಿಪಟೂರಿಗೆ ಕೊಟ್ಟಿರೋದು. ನೀವೇ ಹೇಳಿ, ಬಾಗಿಲಲ್ಲೇ ಕಕ್ಕಸಿದ್ರೆ ಲಕ್ಷ್ಮಿ ಒಳಗೆ ಬರ್ತಾಳಾ?"

"ಬಂದ ಹೊಸದರಲ್ಲಿ ನಂಗೂ ಹಂಗೇ ಅನ್ನಿಸ್ತು. ಆಮೇಲೆ ನೋಡ್ತೀನಿ, ಅಲ್ಲೇ ಕೈ ತೊಳಿಯೋಕೆ ಪುಟ್ಟ ಬೇಸಿನ್ನೂ ಇದೆ. ಹೊರಗಿಂದ ಬಂದೋರು ಕೈಕಾಲು ತೊಳ್ಕೊಂಡೇ ಒಳಗೆ ಬನ್ನಿ ಅಂತ ನಾವು ಬಡ್ಕೊಳಲ್ವಾ? ಈಗಂತೂ ಇಡೀ ಪ್ರಪಂಚವೇ ಅದನ್ನ ಹೇಳ್ತಿದೆ. ಲಕ್ಷ್ಮೀನೂ ಕೈ ತೊಳ್ಕೊಂಡು ಬರ್ಲಿ ಬಿಡಿ."

ಪದ್ಮಿನಮ್ಮ ನಕ್ಕರು. ಶ್ರಾವ್ಯ ನಕ್ಕಳು. ಹಿತಾ ಕೂಡ ಕೇಕೆ ಹಾಕಿದಳು. ಮಾತಿನ ಭರದಲ್ಲಿ ನಾನು ಒಲೆಗೆ ಬೆನ್ನು ಹಾಕಿ ನಿಂತಿದ್ದೆ. ಸುಯ್... ಅಂತ ಸದ್ದು.

"ಉಕ್ತು! ಹಾಲು ಉಕ್ತು!" — ಕೂಗಿದ್ದು ಮೈಸೂರಿನಿಂದ. "ಈಗ್ಲೇ ಆರಿಸ್ಬೇಡಿ, ಚೆನ್ನಾಗಿ ಉಕ್ಲಿ! ಕಿಶನ್, ಯಾವ ದಿಕ್ಕಿಗೆ ಚೆಲ್ತು ನೋಡೋ!"

ಅವನು ತನ್ನ ಕೈಗಡಿಯಾರದಲ್ಲಿ ದಿಕ್ಕು ನೋಡಿದ. "ಪೂರ್ವ, ಅಮ್ಮ."

ನಾನು ನಾಲಿಗೆ ಕಚ್ಚಿಕೊಂಡೆ. ಹೊಸ ಮನೆಯಲ್ಲಿ ಹಾಲುಕ್ಕಿಸಬೇಕಾದವರು ಅಲ್ಲಿ ಬಾಳುವವರು. ನಾನು ಯಾರು? ಕದ್ದು ಒಳಗೆ ಬಂದವಳು. "ತಪ್ಪಾಯ್ತಮ್ಮ, ನಿಮ್ಮ ಮಕ್ಕಳು ಮಾಡ್ಬೇಕಾಗಿದ್ದನ್ನ ನಾನು..."

ಪದ್ಮಿನಮ್ಮ ಮೆತ್ತಗೆ ಅಂದರು. "ಮಗನ ಮನೇಲಿ ನಾನೇ ನಿಂತು ಹಾಲುಕ್ಕಿಸ್ಬೇಕು ಅಂತಿತ್ತು. ವಿಮಾನ ಎಲ್ಲಿದೆ? ದೊಡ್ಡೋರೊಬ್ಬರು ಮಾಡಿದ್ರಲ್ಲ, ಸಾಕು. ಕಿಶನ್, ಇದೇ ಮನೆ ಆಗ್ಲಿ ಕಣೋ."

೧೩ ಮೇ

ಆ ಮನೆಯ ಒಲೆ ಮೇಲೆ ಕಂದು ಕಲೆ ಉಳಿದಿದೆ. ಎಷ್ಟು ಉಜ್ಜಿದರೂ ಹೋಗಿಲ್ಲ.

ಗಾನವಿ ಇನೆಕೆಗೆ ಎಲ್ಲ ಹೇಳುತ್ತೇನೆ ಅಂದಳು. ಮನೆ ಮಾರಾಟವಾಗುತ್ತಲ್ಲ, ಸುಮ್ಮನಿರೇ ಅಂದೆ.

"ಕಲೆ ಯಾರು ಮಾಡಿದ್ದು ಅಂತ ಮನೆಯೋರು ಕೇಳಿದ್ರೆ ಏನು ಹೇಳ್ಲಿ? ಮೂರು ಜನ ಇರ್ಬೇಕಾದ ಕಡೆ ಐದು ಜನ ಇದ್ವಿ ಅಮ್ಮ."

ಫೋನ್ ಮಾಡಿದಳು. ಮಗು, ಬಕ್‌ಫೀಟ್ಸ್, ಪಾರ್ಕಿನ ಬೆಂಚು, ಹಾಲು, ಎಲ್ಲ. ಇನೆಕೆ "ಓಕೆ" ಅಂದು ಇಟ್ಟುಬಿಟ್ಟಳಂತೆ.

ಓಕೆ ಅಂದರೆ ಏನು?

೨೫ ಮೇ, ಸೋಮವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ನನ್ನ ಮರೆವಿನಿಂದ ಮಗಳ ಕೆಲಸ ಹೋಗುತ್ತದೆ ಅಂತ ಒಳಗೊಳಗೇ ಬೇಯುತ್ತಿದ್ದೆ.

ಇವತ್ತು ಇನೆಕೆ ಸೈಕಲ್ ಹತ್ತಿ ತಾನೇ ಬಂದಳು. ಒಳಗೆ ಬರಲಿಲ್ಲ, ಮುಂದಿನ ಮೆಟ್ಟಿಲ ಮೇಲೆ ಕೂತಳು. ನಾವು ದೂರದಲ್ಲಿ. ನನಗಾಗಿ ಇಂಗ್ಲಿಷಿನಲ್ಲಿ ಮಾತಾಡಿದಳು, ಅರ್ಥವಾಗದ್ದನ್ನು ಗಾನವಿ ಕನ್ನಡ ಮಾಡಿ ಹೇಳಿದಳು.

ಮೊದಲು ಬೈದಳು. ಐದು ಜನ ಸೇರಿದ್ದು ತಪ್ಪು, ಇನ್ನೊಮ್ಮೆ ಆಗಕೂಡದು. ಆಮೇಲೆ ಇನ್ನೂ ಜೋರಾಗಿ ಬೈದಳು — ಅಮ್ಮನನ್ನು, ಮಗುವನ್ನು ಗಾಳಿಯಲ್ಲಿ ಯಾಕೆ ಕೂರಿಸಿದ್ದೆ? ಕೇಳಿದ್ದರೆ ಎರಡು ಮನೆಗಳ ನಡುವೆ ಬಿಡುವು ಕೊಡುತ್ತಿದ್ದೆ, ಆಫೀಸಿನ ಹಿಂದಿನ ರೂಮಿನ ಬೀಗ ಕೊಡುತ್ತಿದ್ದೆ.

ಕೇಳಿದರೆ ಕೆಲಸ ಹೋಗುತ್ತದೆ ಅಂದುಕೊಂಡಿದ್ದೆ ಅಂತ ಗಾನವಿ.

ಕೇಳದಿದ್ದರೆ ನನಗೆ ಗೊತ್ತಾಗುವುದು ಹೇಗೆ ಅಂತ ಅವಳು.

ಇಲ್ಲಿನವರ ಮಾತೇ ಹೀಗೆ, ಉಪ್ಪು ಹುಳಿ ಏನೂ ಇಲ್ಲ. ಆದರೆ ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಒಂದೂವರೆ ಮೀಟರ್ ದೂರ ಇರಬೇಕೆಂಬ ನಿಯಮ! ಕೋಡುಬಳೆ ತಟ್ಟೆ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಟೀ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುವ ದೇಶ ಇದು. ತಟ್ಟೆ ಖಾಲಿ ಮಾಡಿದಳು.

ಕೆಲಸದ ಮಾತು? ಪಾಲುದಾರರನ್ನು ಕೇಳಿ ಶುಕ್ರವಾರ ಫೋನ್ ಮಾಡುತ್ತಾಳಂತೆ.

೨೯ ಮೇ, ಶುಕ್ರವಾರ, ಬೆಳಿಗ್ಗೆ

ಗಾನವಿ ಫೋನ್ ಹಿಡಿದು ಮಹಡಿ ಮೇಲೆ ಶತಪಥ ತಿರುಗುತ್ತಿದ್ದಾಳೆ. ವಾಮನ ಇವತ್ತು ಮೀಟಿಂಗ್ ಬೇಡ ಅಂದಿದ್ದಾನೆ. ಹಿತಾ ನನ್ನ ಪಕ್ಕ ಚಾಪೆ ಮೇಲೆ ಕೂತು ಸೌಟಿನಿಂದ ತಟ್ಟೆ ಬಾರಿಸುತ್ತಿದ್ದಾಳೆ. ನಾನು ಕಾಫಿಗೆ ಹಾಲಿಟ್ಟು, ಅಡುಗೆಮನೆಯ ಮೇಜಿನ ಹತ್ತಿರವೇ ಬರೆಯುತ್ತಿದ್ದೇನೆ. ಕಣ್ಣು ಒಲೆ ಮೇಲೇ. ಇನ್ನೊಂದು ಸಲ ಆಗಬಾರದು.

ಗ್ರೋನಿಂಗನ್ನಿನ ಯಜಮಾನರು ಒಲೆ ಹಳೆಯದು, ಬೇಸರ ಬೇಡ ಅಂದರಂತೆ. ಪದ್ಮಿನಮ್ಮ ನಿನ್ನೆ ಫೋನ್ ಮಾಡಿ, ಮಕ್ಕಳು ಆ ಮನೆಗೆ ಹೋಗುವ ದಿನ ನೀವು ಮುಂದೆ ನಿಲ್ಲಬೇಕು, ಅಲ್ಲಿಯವರೆಗೆ ವಿಮಾನ ಬಿಟ್ಟರೂ ಹತ್ತಕೂಡದು ಅಂತ ತಾಕೀತು ಮಾಡಿದ್ದಾರೆ. ಸರಳಾಗೆ ಇವತ್ತು ಪೆಟ್ಟಿಗೆ ಸವಾರಿಯ ಫೋಟೋ ಕಳಿಸಿಬಿಡುತ್ತೇನೆ. ಊರಿಗೆಲ್ಲ ಹೇಳಲಿ.

ಫೋನ್ ರಿಂಗಾಯಿತು.

ಡಚ್ಚು. ಯಾ, ಯಾ ಅನ್ನುತ್ತಿದ್ದಾಳೆ... ಅಳುತ್ತಿದ್ದಾಳಾ? ಇಲ್ಲ, ನಗು. ಮೆಟ್ಟಿಲ ಮೇಲೆ ದಡದಡ — "ಅಮ್ಮಾ! ಕಾಯಂ ಮಾಡಿದ್ರಮ್ಮಾ! ಕಾಯಂ!" ಹಿತಾ ಸೌಟು ಎಸೆದು ಎರಡೂ ಕೈ ಎತ್ತಿದ್ದಾಳೆ. ಬಂದೆ ಕಣೇ, ಇದೊಂದು ಸಾಲು ಮುಗಿಸಿ ಬಂ... ಅಯ್ಯೋ, ಹಾಲು —