ಎರಡು ಇಂಚು ಏರಿಸಲೋ ಬೇಡವೋ

ಜೂನ್ ೧೪, ಶನಿವಾರ

ಮನೆಮಂದಿಯೆಲ್ಲ ಕೂತರೆ ಮಲ್ಲಿಪಟ್ಟಣದ ರಸ್ತೆ ಹಂಪಿನಲ್ಲಿ ಗಾಡಿಯ ತಳ ಉಜ್ಜುತ್ತದೆ. ಹಾಗಾಗಿ ಎಲ್ಲರೂ ಇಳಿದು, ಹಂಪು ದಾಟಿ, ಮತ್ತೆ ಹತ್ತುತ್ತೇವೆ. "ಕಾರ್ ತಗಂಡು ನಡೆಯೋದ್ ಕಲಿಸ್ಬುಟ್ರಿ ಅಳಿಯಂದ್ರೇ" ಎಂದು ಅತ್ತೆ ಇಂದೂ ಚುಚ್ಚಿದರು.

ಚಕ್ರದ ಸ್ಪ್ರಿಂಗಿಗೆ ದಪ್ಪನೆಯ ರಬ್ಬರ್ ಬಿಲ್ಲೆ ಕೊಟ್ಟರೂ ಸರಿ, ಉದ್ದನೆಯ ಸ್ಪ್ರಿಂಗನ್ನೇ ಹಾಕಿದರೂ ಸರಿ, ಗಾಡಿ ಎರಡು ಇಂಚು ಏರುತ್ತದೆ ಎಂದ ಮೆಕ್ಯಾನಿಕ್ ಕಾಂತರಾಜು. "ತಿರುವಲ್ಲಿ ಮಾತ್ರ ಒಸಿ ವಾಲ್ತದೆ ಸಾ."

ಒಸಿ ಎಂದರೆ ಎಷ್ಟು? ಸೋಮವಾರದಿಂದ ಹಾಸನಕ್ಕೆ ಗಾಡಿ ಓಡಿಸುವವಳು ಮಗಳು ಯಶಸ್ವಿನಿ. ಲೈಸೆನ್ಸ್ ಬಂದು ತಿಂಗಳಾಗಿಲ್ಲ. ಕಣ್ಣು ಮುಚ್ಚಿದರೆ ಕೆರೆ ಏರಿಯ ತಿರುವು, ಆಕಾಶ ನೋಡುವ ಚಕ್ರಗಳು.

ತಳ ತಾಗಿದರೆ ಶಬ್ದ, ತಲೆ ತಾಗಿದರೆ ನಿಶ್ಶಬ್ದ. ಪ್ರಾಸ ಕೂಡಿತು, ನಗು ಬರಲಿಲ್ಲ.

ಏರಿಸುವುದು ಬೇಡ. ಇಳಿದೇ ನಡೆಯೋಣ. ಇದನ್ನು ಬೆಳಗ್ಗೆ ಅತ್ತೆಗೆ ಹೇಳಬೇಕಲ್ಲ, ಆ ಭಯ ಬೇರೆ...