ಜೇಡನ ಎಳೆ

ಅಪ್ಪಾ,

ಇವತ್ತು ಒಬ್ಬ ಮುದಿ ಸರ್ವೆಯರ್ ನನ್ನ ಮನೆ ಹುಡುಕಿಕೊಂಡು ಬಂದರು. ನೀನು ಮಾಡಿಕೊಟ್ಟಿದ್ದ, ನೆಲ ಅಳೆಯುವ ಥಿಯೊಡೊಲೈಟನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದರು.

"ಹಿತ್ತಾಳೆಗೆ ಏನೂ ಆಗಿಲ್ಲಮ್ಮ. ದುರ್ಬೀನಿನೊಳಗೆ ಗುರಿ ಹಿಡಿಯೋ ಅಡ್ಡಗೆರೆಯ ಎಳೆ ಹರಿದಿದೆ. ನಿಮ್ಮಪ್ಪ ಅದಕ್ಕೆ ಜೇಡನ ಎಳೆಯನ್ನೇ ಕಟ್ಟುತ್ತಿದ್ದರು" ಅಂದರು.

ನನಗೆ ಗೊತ್ತಿಲ್ಲವೇ? ಅದಕ್ಕೆಂದೇ ನೀನು ವರ್ಕ್‌ಶಾಪಿನಲ್ಲಿ ಸಾಕಿದ್ದ ಜೇಡಗಳನ್ನು, ಗೆಳತಿಯರ ಮುಂದೆ ನಾಚಿಕೆಯಾಗಿ, "ಇದೇನು ಹಾಳುಕೊಂಪೆ" ಅಂತ ಒಂದೂ ಬಿಡದೆ ಗುಡಿಸಿ ಹಾಕಿದವಳು ನಾನೇ. ನೀನು ಬೈಯಲಿಲ್ಲ. ಖಾಲಿ ಮೂಲೆಗಳನ್ನು ನೋಡಿದೆ, ಕೈ ಒರೆಸಿಕೊಂಡು ಊಟಕ್ಕೆ ಬಂದೆ. ಆಮೇಲೆ ಹೊಸದಾಗಿ ಒಂದು ಥಿಯೊಡೊಲೈಟನ್ನೂ ನೀನು ಮಾಡಲಿಲ್ಲ.

ನನ್ನ ಮನೆಯಲ್ಲಿ ಔಷಧಿಗೆ ಬೇಕೆಂದರೂ ಒಂದು ಬಲೆ ಸಿಗಲಿಲ್ಲ. ನೀನು ಹೋದ ಮೇಲೆ ಮೊದಲ ಸಲ ವರ್ಕ್‌ಶಾಪಿನ ಬೀಗ ತೆಗೆದೆ. ನಿನ್ನ ಕುರ್ಚಿಯಿಂದ ಕಿಟಕಿಯವರೆಗೂ ಬಲೆಯೋ ಬಲೆ. ನೀನು ಮಾಡುತ್ತಿದ್ದ ಹಾಗೇ ಕವಲುಕಡ್ಡಿಗೆ ಒಂದೆಳೆ ಸುತ್ತಿಕೊಂಡೆ.

"ತಪ್ಪಾಯ್ತಪ್ಪಾ" ಅನ್ನಲು ಬಾಯಿ ತೆರೆದೆ. ಎಳೆ ನನ್ನ ಮುಖದ ಹತ್ತಿರವೇ ಇತ್ತು. ಉಸಿರು ತಾಗಿದರೂ ಹರಿದುಹೋಗುತ್ತೆ ಅಂತ ಹೇಳಿಕೊಟ್ಟವನು ನೀನೇ.

ಬಾಯಿ ಮುಚ್ಚಿಕೊಂಡೆ.